ಐಕ್ಯಕ್ಕೆ ದೇಶದ ಹಂಗಿಲ್ಲ



ಷಟ್‌ಸ್ಥಲಗಳಲ್ಲಿ ಕೊನೆಯದಾದ ಐಕ್ಯಸ್ಥಲವನ್ನು ಕುರಿತು ಇಂದು ಮಾತನಾಡಬೇಕೆಂದು ನಾವು ನಿಶ್ಚಯಿಸಿದ್ದೆವು. ಮಸ್ಕಿಗೆ ಬಂದ ದಿನವೇ ವೃದ್ಧ ತಾಯಿಯೊಬ್ಬಳು ನಮಗೊಂದು ಪ್ರಶ್ನೆ ಕೇಳಿದಳು. ಅದರಿಂದಲೇ ಆರಂಭಿಸುತ್ತೇವೆ.

ಆ ತಾಯಿಯ ಮಗ ಇಂಜಿನಿಯರನಾಗಿ ಅಮೆರಿಕಕ್ಕೆ ಹೋಗಿ ಅಲ್ಲಿಯೇ ಸಂಸಾರ ಹೂಡಿದ್ದ. 2020ರ ಬೇಸಿಗೆಯಲ್ಲಿ, ಕೊರೋನಾ ದೆಸೆಯಿಂದ ವಿಮಾನಗಳು ನಿಂತಿದ್ದಾಗ, ಹೃದಯಾಘಾತದಿಂದ ತೀರಿಕೊಂಡ. ಹೆತ್ತವಳು ಮಗನ ಮುಖವನ್ನು ಮೊಬೈಲಿನಲ್ಲಿ ಕಂಡಳು. ಅಲ್ಲಿ ದೇಹವನ್ನು ದಹನ ಮಾಡಿದರು. ಇಲ್ಲಿಯ ಬಂಧುಗಳು, “ಲಿಂಗಪೂಜೆ ಬಿಟ್ಟು ಪರದೇಶ ಸೇರಿದ, ಅದಕ್ಕೇ ಹಿಂಗಾತು” ಎಂದರು. ವಿಜ್ಞಾನ ಓದುವ ಮೊಮ್ಮಗ, “ಅಜ್ಜೀ, ಅಪ್ಪನ ಹೃದಯದ ರಕ್ತನಾಳ ಕಟ್ಟಿತು, ಅಷ್ಟೇ” ಎಂದ. ತಾಯಿ ನಮ್ಮನ್ನು ಕೇಳಿದಳು: “ಯಪ್ಪಾ, ಮಣ್ಣಾಗ ಕುಂದ್ರಸಲಿಲ್ಲ, ಅಂಗೈಯಾಗ ಲಿಂಗ ಇಡಲಿಲ್ಲ. ನನ್ನ ಮಗ ಲಿಂಗದಾಗ ಕೂಡ್ಯಾನೋ ಇಲ್ಲೋ?”

ನಾವು ಥಟ್ಟನೆ “ಎಲ್ಲವೂ ಶಿವನಿಚ್ಛೆ, ತಾಯೀ” ಎಂದುಬಿಟ್ಟೆವು. ಆಕೆ ಮರುಮಾತಾಡದೆ ಎದ್ದು ಹೋದಳು. ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಆಕೆ ಕೇಳಿದ್ದಕ್ಕೆ ನಾವು ಉತ್ತರ ಕೊಟ್ಟಿರಲಿಲ್ಲ.

ಮೊಮ್ಮಗನ ಮಾತನ್ನು ಮೊದಲು ವಿಚಾರಿಸೋಣ. ನಾಳ ಕಟ್ಟಿದ್ದು ಸತ್ಯ. ಸತ್ಯವನ್ನು ಧರ್ಮವು ಅಲ್ಲಗಳೆಯಬಾರದು. ನೋಡಿರಿ, ಬಂಧುಗಳ ಮಾತಿಗಿಂತ ಆ ಹುಡುಗನ ಮಾತೇ ಶರಣರಿಗೆ ಹತ್ತಿರವಾಗಿದೆ. ಜನನಸೂತಕ, ಮರಣಸೂತಕ ಮೊದಲಾದ ಐದು ಸೂತಕಗಳನ್ನು ಶರಣರು ತಳ್ಳಿಹಾಕಿದರು. ಸಾವಿಗೆ ಮೈಲಿಗೆಯೇ ಇಲ್ಲವೆಂದ ಮೇಲೆ ಸತ್ತವನ ಮೇಲೆ ಅಪವಾದ ಹೊರಿಸುವುದು ಯಾವ ಧರ್ಮ?

ಆದರೆ ಹುಡುಗನ “ಅಷ್ಟೇ” ಎಂಬುದನ್ನು ನಾವು ಒಪ್ಪಲಾರೆವು. ನಿಮ್ಮೂರಿನ ಬಂಡೆಯನ್ನೇ ನೋಡಿರಿ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಅದರ ಮೇಲಿನ ಅಶೋಕನ ಶಾಸನವನ್ನು ಕಂಡ. ಕಲ್ಲು ಬಲ್ಲವನು ಅದು ಎಂಥ ಕಲ್ಲೆಂದು ಹೇಳುತ್ತಾನೆ. ಅಕ್ಷರ ಬಲ್ಲವನು, ಧರ್ಮದಲ್ಲಿ ನಡೆದರೆ ಕಿರಿಯನಿಗೂ ಹಿರಿದಾದ ಪದವಿ ದೊರೆಯುವುದೆಂಬ ಸಂದೇಶವನ್ನು ಓದುತ್ತಾನೆ. ಇಬ್ಬರದೂ ನಿಜ, ಬಂಡೆ ಒಂದೇ. “ಕಲ್ಲು, ಅಷ್ಟೇ” ಎಂದರೆ ಸಂದೇಶ ಕಳೆದುಹೋಗುತ್ತದೆ.

ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರೂ ಹೀಗೆ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು 1973ರಲ್ಲಿ ಇಂಗ್ಲಿಷಿನಲ್ಲಿ ಕೊಟ್ಟ ಮಹನೀಯರು. ಅವರ ತಂದೆ ಗಣಿತದ ಪ್ರಾಧ್ಯಾಪಕರು. ಖಗೋಲಶಾಸ್ತ್ರವನ್ನೂ ಬಲ್ಲರು, ಜ್ಯೋತಿಷ್ಯವನ್ನೂ ಬಲ್ಲರು. ಇವೆರಡೂ ಒಂದೇ ತಲೆಯಲ್ಲಿ ಹೇಗೆಂದು ತರುಣ ಮಗ ಕೇಳಿದರೆ, ಮಿದುಳಿಗೆ ಎರಡು ಪಾಲಿಲ್ಲವೇ ಎಂದರಂತೆ! ತಂದೆ ತೀರಿ ಬಹುಕಾಲವಾದ ಮೇಲೆ, 1989ರಲ್ಲಿ ಪ್ರಕಟವಾದ ಲೇಖನದಲ್ಲಿ, ಮಗ ಇದನ್ನು ನೆನೆದರು. ಮಿದುಳಿಗೆ ಎರಡು ಪಾಲಿರಲಿ. ದುಃಖ ಪಡುವ ಹೃದಯ ಒಂದೇ. ಅರಿವೂ ಭಕ್ತಿಯೂ ಅಲ್ಲಿ ಕೂಡಬೇಕು.

ಮರುದಿನ ನಾವೇ ಆ ತಾಯಿಯ ಮನೆಗೆ ಹೋಗಿ ಹೇಳಿದೆವು: “ತಾಯೀ, ಸಮಾಧಿಯಲ್ಲಿ ಕೂಡಿಸುವುದು, ಅಂಗೈಯಲ್ಲಿ ಲಿಂಗವಿಡುವುದು ನಮ್ಮ ಸಂಪ್ರದಾಯ, ಉಳಿದವರು ಸಲ್ಲಿಸುವ ಗೌರವ. ಐಕ್ಯವಾದರೋ ಬದುಕಿರುವಾಗಲೇ ಸಾಧಿಸುವ ಸ್ಥಲ. ನಿನ್ನ ಮಗ ದುಡಿದು ಉಂಡ, ನಾಲ್ವರಿಗೆ ಉಣಿಸಿದ. ಆ ಕಾಯಕವನ್ನು, ಆ ದಾಸೋಹವನ್ನು ಬೆಂಕಿ ಸುಡಲಾರದು. ಮಣ್ಣಿಗಿಟ್ಟರೂ ಬೆಂಕಿಗಿಟ್ಟರೂ ದೇಹ ಬಂದಲ್ಲಿಗೇ ಹೋಗುತ್ತದೆ. ರಕ್ತದೊಳಗಿನ ಕಬ್ಬಿಣ ನಕ್ಷತ್ರಗಳಲ್ಲಿ ಹುಟ್ಟಿದ್ದೆಂದು ನಿನ್ನ ಮೊಮ್ಮಗನನ್ನೇ ಕೇಳು, ಹೇಳುತ್ತಾನೆ.”

ಆಗ ತಾಯಿ ಮನಸಾರೆ ಅತ್ತಳು. ಮೊಮ್ಮಗನಿಗೆ ಫೋನು ಮಾಡಿಸಿದೆವು. ಅವನಿಗೆ ಉಪದೇಶ ಮಾಡಲಿಲ್ಲ. “ನಿಮ್ಮಪ್ಪ ಸಣ್ಣವನಿದ್ದಾಗ ಹೇಗಿದ್ದ ಎಂದು ಅಜ್ಜಿಯನ್ನು ಕೇಳಪ್ಪಾ” ಎಂದೆವು. ಮಲ್ಲಿಕಾರ್ಜುನನ ಗುಡ್ಡವನ್ನು ಬರಿಗಾಲಲ್ಲಿ ಹತ್ತುತ್ತಿದ್ದುದು, ಬುತ್ತಿ ಹಂಚಿಕೊಳ್ಳುತ್ತಿದ್ದುದು, ಒಂದೊಂದಾಗಿ ಆಕೆ ಹೇಳಿದಳು. ಆ ಕಡೆ ಹುಡುಗ ಅಳುತ್ತಿದ್ದ. ವಿಜ್ಞಾನ ಓದಿದವನಿಗೂ ಅಪ್ಪ ಬೇಕಲ್ಲವೇ?

ಬಂಧುಗಳೇ, ಸಾವಿನ ಮನೆಗೆ ಹೋದಾಗ ಕಾರಣ ಹುಡುಕಬೇಡಿರಿ. ಕಾರಣವನ್ನು ವೈದ್ಯರು ಹೇಳಲಿ. ನೀವು ಹತ್ತಿರ ಕುಳಿತು, ಹೋದವರ ಒಳ್ಳೆಯ ಗುಣವೊಂದನ್ನು ನೆನೆಯಿರಿ. ಅದೂ ದಾಸೋಹವೇ.