ಮೊಳಕೆಯ ಲೆಕ್ಕ



ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನ ಸುತ್ತಲ ಹೊಲಗಳಲ್ಲಿ ಮೆಕ್ಕೆಜೋಳ ಬೆಳೆಯುತ್ತಾರಷ್ಟೆ. ಬಿತ್ತುವ ಮುನ್ನ 100 ಬೀಜಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿ. ವಾರದಲ್ಲಿ 90 ಮೊಳೆತವೆನ್ನೋಣ. ಮೊಳೆತವುಗಳಿಗೂ ಒಟ್ಟು ಬೀಜಗಳಿಗೂ ಇರುವ ಅನುಪಾತ 90/100, ಅಂದರೆ 9/10. ಇದೇ ಮೊಳಕೆಯ ಸಂಭವನೀಯತೆ. ಪ್ರಮಾಣಿತ ಹೈಬ್ರಿಡ್ ಮೆಕ್ಕೆಜೋಳಕ್ಕೆ ನಿಗದಿಯಾದ ಕನಿಷ್ಠ ಮೊಳಕೆಯೂ ಶೇಕಡಾ 90.

‘ಮೊಳೆಯುತ್ತದೆ, ಇಲ್ಲವೇ ಮೊಳೆಯದು, ಆದ್ದರಿಂದ 1/2’ ಎನ್ನಬೇಡಿ. ನಾಣ್ಯದ ಎರಡು ಮುಖಗಳಂತೆ ಇವು ಸಮಸಂಭವಗಳಲ್ಲ.

ನಿಮ್ಮ ಕೈಯಲ್ಲಿರುವ ಒಂದು ಬೀಜದ ಭವಿಷ್ಯವನ್ನು ಅನುಪಾತ ಹೇಳದು. ಆದರೆ ದಾರಿ ತೋರಿಸುತ್ತದೆ. ಒಂದು ಬೀಜ ಹುಸಿಯಾಗುವ ಸಂಭವನೀಯತೆ 1/10. ಒಂದರ ಹುಸಿ ಇನ್ನೊಂದಕ್ಕೆ ತಟ್ಟದಿದ್ದರೆ, ಗುಣಿಗೆ ಎರಡು ಹಾಕಿದಾಗ ಎರಡೂ ಹುಸಿಯಾಗುವುದು 1/10 × 1/10, ಅಂದರೆ 1/100 ಮಾತ್ರ. ಜೋಡಿ ಕಾಳು ಊರುವ ರೈತರ ಜಾಣತನದಲ್ಲಿ ಈ ಗಣಿತವೇ ಅಡಗಿದೆ.