ತೈಲವರ್ಣಕ್ಕೊಂದು ಮೇಲ್ಪಂಕ್ತಿ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಾಡಿನ ಮಾತು, ನುಡಿಯ ಮಾತು ನಡೆಯುವುದು ವಾಡಿಕೆ. ನಾವು ಇಂದು ಬಣ್ಣದ ಮಾತನ್ನೆತ್ತಿದ್ದೇವೆ. ವಾರವೆಲ್ಲ ಬ್ಯಾಂಕಿನ ಲೆಕ್ಕದಲ್ಲಿ ಕಳೆದು, ಭಾನುವಾರ ಐರೋಲಿಯ ಮನೆಯ ಕಿಟಕಿಯ ಬಳಿ ಕುಂಚ ಹಿಡಿಯುವ ನಮ್ಮಂಥವರು ತೈಲವರ್ಣವನ್ನು ಕಲಿಯುವ ಬಗೆ ಯಾವುದು? ಬಲ್ಲವರ ಚಿತ್ರವೊಂದನ್ನು ಮುಂದಿಟ್ಟುಕೊಂಡು ನಕಲು ಮಾಡುವುದೇ ಉತ್ತಮವೆಂದು ನಮ್ಮ ಅಭಿಪ್ರಾಯ.

ನಕಲು ಎಂದೊಡನೆ ಬ್ಯಾಂಕಿನವರು ಹುಬ್ಬು ಗಂಟಿಕ್ಕುವುದು ಸಹಜ. ಚೆಕ್ಕಿನ ಮೇಲೆ ಇನ್ನೊಬ್ಬರ ಸಹಿಯನ್ನು ನಕಲು ಮಾಡಿದರೆ ಅಪರಾಧ. ಆದರೆ ಮಗು ಮೇಲ್ಪಂಕ್ತಿಯನ್ನು ನೋಡಿ ಅಕ್ಷರ ತಿದ್ದಿದರೆ ಅದು ವಿದ್ಯೆ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಇಂದಿಗೂ ಅನುಮತಿ ಪಡೆದು ಚಿತ್ರಗಳನ್ನು ನಕಲು ಮಾಡಬಹುದು. ಆದರೆ ಮೂಲದ ಅಳತೆಯಲ್ಲಿಯೇ ಮಾಡಕೂಡದು, ಮೂಲ ಚಿತ್ರಕಾರರ ಸಹಿಯನ್ನು ಹಾಕಕೂಡದು. ಮೋಸಕ್ಕೂ ವಿದ್ಯೆಗೂ ನಡುವಿನ ಗೆರೆ ಅಲ್ಲಿದೆ.

ನಾವು ಆರಿಸಿಕೊಂಡದ್ದು ಫ್ರಾನ್ಸಿನ ಬೆರ್ತ್ ಮೊರಿಸೊ ಎಂಬಾಕೆ 1872ರಲ್ಲಿ ಬರೆದ ‘ತೊಟ್ಟಿಲು’. 1874ರಲ್ಲಿ ಪ್ಯಾರಿಸಿನಲ್ಲಿ ನಡೆದ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನದಲ್ಲಿದ್ದ ಈ ಚಿತ್ರ ಈಗ ಅಲ್ಲಿಯ ಓರ್ಸೆ ಸಂಗ್ರಹಾಲಯದಲ್ಲಿದೆ. ಎತ್ತರ ಕೇವಲ 56 ಸೆಂಟಿಮೀಟರು. ತಾಯಿ ಕುಳಿತು, ನಿದ್ರಿಸುವ ಕೂಸನ್ನು ನೋಡುತ್ತಿದ್ದಾಳೆ. ತೊಟ್ಟಿಲಿಗೆ ತೆಳುಪರದೆ ಇಳಿಬಿದ್ದಿದೆ. ನೋಡಿದವರೆಲ್ಲ ಪರದೆ ಬಿಳಿಯೆನ್ನುವರು. ಕುಂಚ ಹಿಡಿದಾಗ ಅದರಲ್ಲಿ ನೀಲಿ, ಬೂದು, ನಸುಗೆಂಪುಗಳು ಕಾಣತೊಡಗುತ್ತವೆ. ಟ್ಯೂಬಿನ ಬಿಳಿಯನ್ನೇ ಬಳಿದರೆ ಸುಣ್ಣದ ಗೋಡೆಯಾದೀತು, ಪರದೆಯಾಗದು. ತಾಯಿಯ ಮಡಿಸಿದ ತೋಳಿನ ಬಾಗನ್ನೇ ಕೂಸಿನ ತೋಳೂ ಅನುಸರಿಸುತ್ತದೆ. ಹತ್ತು ಸಲ ನೋಡಿದರೂ ಕಣ್ಣಿಗೆ ಬೀಳದ ಈ ಹೊಂದಿಕೆ, ಗೆರೆಯೆಳೆಯುವ ಕೈಗೆ ತಾನಾಗಿ ಸಿಕ್ಕುತ್ತದೆ.

ಇನ್ನು ಎಣ್ಣೆಯ ವಿಚಾರ. ಮೊದಲ ಲೇಪಕ್ಕೆ ಟರ್ಪೆಂಟೈನ್ ಹೆಚ್ಚು, ಎಣ್ಣೆ ಕಡಿಮೆ. ಮೇಲುಮೇಲಿನ ಲೇಪಗಳಿಗೆ ಎಣ್ಣೆ ಹೆಚ್ಚು. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಕ್ರಮ ತಪ್ಪಿದರೆ ಕೆಳಗಿನದು ಒಣಗುವ ಮುನ್ನ ಮೇಲಿನದು ಬಿಗಿದು, ಚಿತ್ರ ಬಿರುಕು ಬಿಡುತ್ತದೆ. ಠಾಣೆ ಖಾಡಿಯ ಮಳೆಗಾಲದ ತೇವದಲ್ಲಿ ಮತ್ತಷ್ಟು ತಾಳ್ಮೆ ಬೇಕು.

ಹೀಗೆ ಕಲಿತರೆ ಸ್ವಂತಿಕೆ ಕಳೆದೀತೆಂದು ಕೆಲವರ ಭಯ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಪಾಶ್ಚಾತ್ಯ ಕ್ರಮವನ್ನು ಕಲಿತರು, ಅಲ್ಲಿಯೇ ಪಾಠ ಹೇಳಿದರು, ಪ್ಯಾರಿಸಿಗೂ ಹೋಗಿ ಅಭ್ಯಾಸ ಮಾಡಿದರು. ಆದರೂ ಅವರ ಗೆರೆಗಳಲ್ಲಿ ಕುಣಿಯುವುದು ನಮ್ಮ ನಾಡಿನ ಲಯವೇ. ಬೇರು ಗಟ್ಟಿಯಿದ್ದವರಿಗೆ ಪರರ ವಿದ್ಯೆ ಗೊಬ್ಬರವಾಗುತ್ತದೆ.

ಕೊನೆಯ ಮಾತು, ನಮಗೆ ಮುಖ್ಯವಾದ ಮಾತು. ಆ ಚಿತ್ರದಲ್ಲಿ ತಾಯಿಯಾಗಿ ಕುಳಿತವಳು ಬೆರ್ತಳ ಅಕ್ಕ ಎಡ್ಮಾ. ಅಕ್ಕತಂಗಿಯರಿಬ್ಬರೂ ಲೂವ್ರ್‌ನಲ್ಲಿ ಜೊತೆಯಾಗಿ ನಕಲು ಮಾಡಿ ಕಲಿತವರು. 1869ರಲ್ಲಿ ಮದುವೆಯಾದ ಮೇಲೆ ಎಡ್ಮಾ ಚಿತ್ರಕಲೆಯನ್ನು ಬಿಟ್ಟಳು. ತಂಗಿ ಬರೆದಳು, ಅಕ್ಕ ಬರೆಸಿಕೊಂಡಳು. ಇದನ್ನರಿತ ಮೇಲೆ ಆ ಮುಖವನ್ನು ಬರೆಯುವಾಗ ನಮ್ಮ ಕೈ ತಡೆಯುತ್ತದೆ. ಶಾಲೆಯಲ್ಲಿ ಬಹುಮಾನ ಪಡೆದು, ಮದುವೆಯ ತರುವಾಯ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದ ತಾಯಂದಿರು ನಮ್ಮ ಮನೆಗಳಲ್ಲಿ ಎಷ್ಟು ಮಂದಿಯಿಲ್ಲ!

ಆದುದರಿಂದ ಸಂಘಕ್ಕೆ ನಮ್ಮದೊಂದು ಸೂಚನೆ. ಭಾನುವಾರಕ್ಕೊಮ್ಮೆ ಎರಡು ಗಂಟೆ ಚಿತ್ರವರ್ಗಕ್ಕೆ ಸ್ಥಳ ಕೊಡಿರಿ. ಆ ಎರಡು ಗಂಟೆ ಮಕ್ಕಳನ್ನೂ ಅಡಿಗೆಯನ್ನೂ ನೋಡಿಕೊಳ್ಳುವ ಹೊಣೆ ಗಂಡಸರದಾಗಲಿ. ತೊಟ್ಟಿಲನ್ನು ಬರೆಯುವವರಿಗೆ ತೊಟ್ಟಿಲು ತೂಗುವವರೂ ಬೇಕಷ್ಟೆ! ಚಿತ್ರ ಮುಗಿದಾಗ ಕ್ಯಾನ್ವಾಸಿನ ಹಿಂದೆ ‘ಮೊರಿಸೊ ಅವರ ಚಿತ್ರವನ್ನು ನೋಡಿ ಬರೆದದ್ದು’ ಎಂದು ಕನ್ನಡದಲ್ಲಿ ಬರೆದು, ಕೆಳಗೆ ತಮ್ಮ ಸ್ವಂತ ಹೆಸರನ್ನು ಹಾಕಲಿ. ಆ ಸಹಿಯನ್ನು ಯಾವ ಬ್ಯಾಂಕೂ ತಿರಸ್ಕರಿಸಲಾರದು.