ನಿಮ್ಮ ಹೆಸರು ಎಲ್ಲಿ ಬರೆದಿದೆ?

(ಪದುವಾದ ಸಂತ ಅಂತೋಣಿಯವರ ಹಬ್ಬದಂದು ಬಳ್ಳಾರಿಯಲ್ಲಿ ನೀಡಿದ ಪ್ರಬೋಧನೆ)



ಇಂದಿನ ಶುಭಸಂದೇಶದಲ್ಲಿ ಪ್ರಭು ಯೇಸು ಎಪ್ಪತ್ತೆರಡು ಮಂದಿಯನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳುಹಿಸಿದ್ದನ್ನು ಕೇಳಿದೆವು. ಹಣದ ಚೀಲ ಬೇಡ, ಜೋಳಿಗೆ ಬೇಡ, ಕಾಲಿಗೆ ಜೋಡು ಕೂಡ ಬೇಡ. ಸಂತ ಲೂಕರ ಹತ್ತನೆಯ ಅಧ್ಯಾಯದ ಈ ವಾಚನ ಒಂಬತ್ತನೆಯ ವಚನಕ್ಕೆ ನಿಂತುಬಿಡುತ್ತದೆ. ಮನೆಗೆ ಹೋದ ಮೇಲೆ ಬೈಬಲ್ ತೆರೆದು ಇಪ್ಪತ್ತನೆಯ ವಚನದವರೆಗೂ ಓದಿರಿ. ಹೋದವರು ಹಿಂದಿರುಗಿ ಬರುತ್ತಾರೆ, ಬಹಳ ಸಂತೋಷದಿಂದ ಬರುತ್ತಾರೆ. ಬಂದವರು ಮೊದಲು ಹೇಳಿದ್ದೇನು ಗೊತ್ತೇ? ಯಾವ ರೋಗಿ ಗುಣವಾದ, ಯಾವ ಮನೆಗೆ ಶಾಂತಿ ಬಂತು ಎಂದಲ್ಲ. ದೆವ್ವಗಳೂ ನಮ್ಮ ಮಾತು ಕೇಳಿದವು ಸ್ವಾಮಿ ಎಂದು. ಪ್ರಭು ಅವರನ್ನು ಗದರಿಸಲಿಲ್ಲ. ಆದರೆ, ಅವು ನಿಮಗೆ ಅಧೀನವಾದವೆಂದು ಸಂತೋಷಪಡಬೇಡಿ, ನಿಮ್ಮ ಹೆಸರುಗಳು ಸ್ವರ್ಗದಲ್ಲಿ ಬರೆದಿವೆಯೆಂದು ಸಂತೋಷಪಡಿ ಎಂಬ ಅರ್ಥದಲ್ಲಿ ಅವರ ಸಂತೋಷದ ದಿಕ್ಕನ್ನೇ ಬದಲಿಸಿದರು. ಇನ್ನೊಂದನ್ನು ಗಮನಿಸಿ. ಈ ಎಪ್ಪತ್ತೆರಡು ಮಂದಿಯಲ್ಲಿ ಒಬ್ಬನ ಹೆಸರನ್ನೂ ಲೂಕರು ಬರೆದಿಲ್ಲ.

ಹೆಸರು ಬರಬೇಕು, ಜನ ನೋಡಬೇಕು, ನನ್ನ ಮಾತು ನಡೆಯಬೇಕು ಎಂಬ ಆಸೆ ಅಂದಿನದೇ. ಇಂದು ಅದು ನಮ್ಮ ಅಂಗೈಯಲ್ಲಿ ಕುಳಿತಿದೆ, ಅಷ್ಟೆ. ನಮ್ಮ ತಂದೆ ತಾಯಿಯರ ಕಾಲದಲ್ಲಿ ‘ಸ್ಟೇಟಸ್’ ಎಂದರೆ ಅಂತಸ್ತು. ಕಾಲುವೆ ಕೆಳಗೆ ಎಷ್ಟು ಎಕರೆ ಗದ್ದೆ ಇದೆ, ಮಗಳ ಮದುವೆಗೆ ಎಷ್ಟು ಜನ ಉಂಡರು ಎಂಬುದು ಸ್ಟೇಟಸ್. ಈಗ ಸಿರುಗುಪ್ಪದ ಶಾಲೆಯ ಮಗುವನ್ನು ಕೇಳಿ, ಅದು ವಾಟ್ಸಾಪ್ ತೆರೆದು ತೋರಿಸುತ್ತದೆ. 2017ರಿಂದ ಇಂದಿನ ರೂಪದಲ್ಲಿರುವ ಈ ಸ್ಟೇಟಸ್‌ನ ಆಯುಸ್ಸು 24 ಗಂಟೆ. ಕೆಳಗೆ ಒಂದು ಕಣ್ಣಿನ ಗುರುತು, ಅದರ ಪಕ್ಕದಲ್ಲಿ ಒಂದು ಅಂಕಿ. ಮುಟ್ಟಿದರೆ ಯಾರ್ಯಾರು ನೋಡಿದರೆಂಬ ಪಟ್ಟಿ. ‘ಅವಳು ನೋಡಿದ್ದಾಳೆ, ಆದರೂ ಒಂದು ಮಾತು ಹೇಳಲಿಲ್ಲ’ ಎಂದು ಮನಸ್ಸು ಕಹಿ ಮಾಡಿಕೊಂಡು ಪೂಜೆಗೆ ಬಂದವರು ಈ ಬೆಂಚುಗಳಲ್ಲಿಯೂ ಇರಬಹುದು. ನೋಡದಿದ್ದರೆ ಬೇಸರ, ನೋಡಿಯೂ ಸುಮ್ಮನಿದ್ದರೆ ಇನ್ನೂ ಹೆಚ್ಚು ಬೇಸರ!

ಇನ್ನು ಗ್ರೂಪುಗಳು. ಒಂದು ಗ್ರೂಪಿನಲ್ಲಿ ಮೊದಲು 256 ಜನರಿಗೆ ಅವಕಾಶವಿತ್ತು, 2022ರಲ್ಲಿ ಅದು 1024 ಆಯಿತು. ನಮ್ಮ ಎಷ್ಟೋ ಧರ್ಮಕೇಂದ್ರಗಳ ಒಟ್ಟು ಜನಕ್ಕಿಂತ ಇದೇ ಹೆಚ್ಚು. ಅಷ್ಟು ಜನರ ಮೇಲೆ ಒಬ್ಬ ‘ಅಡ್ಮಿನ್’. ಸೇರಿಸುವವನು ಅವನೇ, ತೆಗೆಯುವವನು ಅವನೇ. 2018ರಿಂದ ಬೇರೆಯವರ ಬಾಯಿ ಮುಚ್ಚಿಸಿ ತಾನೊಬ್ಬನೇ ಮಾತನಾಡುವ ಸೌಲಭ್ಯವೂ ಅವನಿಗೆ ಸಿಕ್ಕಿತು. ಪಂಚಾಯಿತಿ ಚುನಾವಣೆಗೆ ನಿಲ್ಲಬೇಕಿಲ್ಲ, ಮತ ಕೇಳಬೇಕಿಲ್ಲ, ಸಿಂಹಾಸನ ಸಿದ್ಧ. ಎಲ್ಲಿ ಎಂದು ಕೇಳಬೇಡಿ, ಒಂದು ಕಡೆ ಹಬ್ಬದ ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರ ಹೆಸರು ಕೆಳಗೆ ಎಂಬುದಕ್ಕೆ ಜಗಳವಾಯಿತು. ಒಬ್ಬರನ್ನು ಗ್ರೂಪಿನಿಂದ ತೆಗೆದರು. ಅವರು ಸುಮ್ಮನಿರುತ್ತಾರೆಯೇ? ಸಂಜೆಯೊಳಗೆ ಇನ್ನೊಂದು ಗ್ರೂಪು ಹುಟ್ಟಿತು. ಅದರ ಹೆಸರಿನಲ್ಲಿ ‘ಐಕ್ಯ’ ಎಂಬ ಪದವಿತ್ತು! ಗಾಯನ ಮಂಡಳಿಯಲ್ಲಿ ಹತ್ತು ವರ್ಷ ಒಟ್ಟಿಗೆ ಹಾಡಿದವರು ಆ ವರ್ಷ ಬೇರೆ ಬೇರೆ ಬೆಂಚಿನಲ್ಲಿ ಕುಳಿತರು. ಗುರುಗಳೂ ಇದಕ್ಕೆ ಹೊರತೆಂದು ತಿಳಿಯಬೇಡಿ. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲಿದ್ದವರಿಗೆ ಬಲಿಪೂಜೆ ತಲುಪಲೆಂದು ಕ್ಯಾಮೆರಾ ಇಟ್ಟೆವು, ಒಳ್ಳೆಯ ಕೆಲಸವೇ. ಆದರೆ ಪೂಜೆ ಮುಗಿದ ಮೇಲೆ ಗುರುಗಳ ನಡುವಿನ ಮಾತು ಯಾವುದು? ‘ನಿಮ್ಮಲ್ಲಿ ಎಷ್ಟು ವ್ಯೂಸ್?’

ಇದೆಲ್ಲ ನಗುವ ವಿಷಯವೆಂದು ಬಿಟ್ಟುಬಿಡಬಹುದಿತ್ತು, ಇದರ ಬೆಲೆಯನ್ನು ಯಾರಾದರೂ ತೆರದೆ ಇದ್ದಿದ್ದರೆ.

ನಮ್ಮ ನೆರೆಯ ಕೊಪ್ಪಳದಲ್ಲಿ 2017ರ ಫೆಬ್ರವರಿ ಮೊದಲ ವಾರ ನಡೆದದ್ದನ್ನು ನೆನಪಿಸಿಕೊಳ್ಳಿ. ಸೈಕಲ್ ಮೇಲೆ ಹೊರಟಿದ್ದ 18 ವರ್ಷದ ಒಬ್ಬ ಹುಡುಗನಿಗೆ ಬಸ್ಸು ಬಡಿಯಿತು. ರಸ್ತೆಯ ಮೇಲೆ ರಕ್ತದ ಮಡುವಿನಲ್ಲಿ ಬಿದ್ದು ಆತ ಸಹಾಯಕ್ಕಾಗಿ ಮೊರೆಯಿಟ್ಟ. ಸುತ್ತ ಜನ ಇರಲಿಲ್ಲವೇ? ಇದ್ದರು. ಅವರ ಕೈಗಳು ಖಾಲಿ ಇರಲಿಲ್ಲ, ಫೋನುಗಳಿದ್ದವು. ಫೋಟೊ ತೆಗೆದರು, ವಿಡಿಯೊ ಮಾಡಿದರು. ಅಮೂಲ್ಯವಾದ ನಿಮಿಷಗಳು ಹಾಗೆಯೇ ಕಳೆದುಹೋದವು. ಆಸ್ಪತ್ರೆ ಸೇರಿದರೂ ಆತ ಉಳಿಯಲಿಲ್ಲ. ಆ ವಿಡಿಯೊವನ್ನು ದೇಶವೆಲ್ಲ ನೋಡಿತು.

ದಯಾಳು ಸಮಾರಿಯದವನ ಕಥೆ ಇರುವುದೂ ಲೂಕರ ಇದೇ ಹತ್ತನೆಯ ಅಧ್ಯಾಯದಲ್ಲಿಯೇ. ಅಲ್ಲಿ ಯಾಜಕನೂ ಲೇವಿಯೂ ಗಾಯಾಳುವನ್ನು ಕಂಡು ಪಕ್ಕಕ್ಕೆ ಸರಿದು ಹೋದರು. ಇಂದಾದರೆ ಅವರು ಸರಿದು ಹೋಗುವುದಿಲ್ಲ, ನಿಲ್ಲುತ್ತಾರೆ, ತೆಗೆದುಕೊಳ್ಳಬೇಕಾದ್ದನ್ನು ಫೋನಿನಲ್ಲಿ ತೆಗೆದುಕೊಳ್ಳುತ್ತಾರೆ, ಆಮೇಲೆ ಹೋಗುತ್ತಾರೆ. ಸರಿದು ಹೋಗುವುದಕ್ಕಿಂತ ಇದು ಕ್ರೂರವೆಂದೇ ನನ್ನ ಭಾವನೆ. ಏಕೆಂದರೆ ಬಿದ್ದವನ ನೋವನ್ನೇ ಒಯ್ದು ತನ್ನ ಹೆಸರಿನಲ್ಲಿ ಹಂಚಿದಂತಾಯಿತು. 2023ರ ಮೇ 28ರಂದು ರೋಮಿನಿಂದ ಸಾಮಾಜಿಕ ಜಾಲತಾಣಗಳ ಕುರಿತು ಒಂದು ಪಾಲನಾ ಪತ್ರ ಹೊರಟಿತು. ಅದು ಆರಿಸಿಕೊಂಡಿದ್ದೂ ಈ ಸಮಾರಿಯದವನ ಕಥೆಯನ್ನೇ. ಈ ಹೊಸ ಹೆದ್ದಾರಿಯ ಬದಿಯಲ್ಲೂ ಗಾಯಗೊಂಡು ಬಿದ್ದವರಿದ್ದಾರೆ ಎಂಬುದು ಅದರ ಆತಂಕ.

‘ಪೊಲೀಸರ ಭಯ ಫಾದರ್, ಸಾಕ್ಷಿಗೆ ಅಲೆಯಬೇಕು’ ಎಂದು ಕೆಲವರು ಹೇಳುತ್ತಾರೆ. ತಿಳಿದುಕೊಳ್ಳಿ. 2016ರ ಮಾರ್ಚ್ ತಿಂಗಳಿನಲ್ಲಿಯೇ ಸುಪ್ರೀಂ ಕೋರ್ಟ್ ಅಪಘಾತದಲ್ಲಿ ನೆರವಾಗುವವರಿಗೆ ರಕ್ಷಣೆ ನೀಡುವ ನಿಯಮಗಳನ್ನು ಎತ್ತಿಹಿಡಿಯಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿಯೂ ಆ ರಕ್ಷಣೆ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನು ತನ್ನ ಹೆಸರನ್ನು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಹೆಸರು ಹೇಳದೆ ಒಳ್ಳೆಯದನ್ನು ಮಾಡಿ ಹೊರಟುಹೋಗುವ ಹಕ್ಕನ್ನು ನಮ್ಮ ದೇಶದ ಕಾನೂನೇ ಕೊಟ್ಟಿದೆ! ಸಮಾರಿಯದವನ ಹೆಸರೂ ನಮಗೆ ಗೊತ್ತಿಲ್ಲವಲ್ಲ.

ಮರುವರ್ಷ, 2018ರ ಜುಲೈ 13ರಂದು, ಬೀದರ್ ಜಿಲ್ಲೆಯಲ್ಲಿ ಮತ್ತೊಂದು ಘಟನೆ. ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ದಾರಿ ಅಡ್ಡಗಟ್ಟಿದರು, ಹೊಡೆದರು. ಒಬ್ಬ ಯುವ ಎಂಜಿನಿಯರ್ ಸತ್ತ. ಬಂಧಿತರಾದವರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ. ಆ ದಿನ ಸಂದೇಶ ಕಳುಹಿಸಿದವರೆಲ್ಲ ಕೊಲೆಗಾರರಾಗಬೇಕೆಂದು ಬೆಳಿಗ್ಗೆ ಎದ್ದವರೇ? ಖಂಡಿತ ಇಲ್ಲ. ಎಲ್ಲರಿಗಿಂತ ಮೊದಲು ನಾನು ತಿಳಿಸಬೇಕು, ಊರನ್ನು ಎಚ್ಚರಿಸಿದವನು ನಾನೆನ್ನಿಸಿಕೊಳ್ಳಬೇಕು, ಅಷ್ಟೇ ಇದ್ದಿರಬೇಕು. ಒಂದು ಗಳಿಗೆಯ ದೊಡ್ಡಸ್ತಿಕೆ. ಅದೇ ತಿಂಗಳು ವಾಟ್ಸಾಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂದು ಮಿತಿ ಹಾಕುವುದಾಗಿ ಹೇಳಿತು.

ಹಾಗಾದರೆ ಯಾರೂ ನಮ್ಮನ್ನು ನೋಡಬಾರದೇ, ಮೆಚ್ಚಬಾರದೇ ಎಂದು ಯುವಜನರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿಗೆ ಹೋಗಿದ್ದೀರಾ? ಸಾವಿರಾರು ವರ್ಷಗಳ ಹಿಂದೆ ಯಾರೋ ಕಪ್ಪು ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಕುಟ್ಟಿ ಉದ್ದ ಕೊಂಬಿನ ಎತ್ತುಗಳನ್ನೂ ಮನುಷ್ಯರನ್ನೂ ಮೂಡಿಸಿದ್ದಾರೆ. ಏಕೆ ಮಾಡಿದರೋ ದೇವರೇ ಬಲ್ಲ. ಆದರೆ ನಾನಿದ್ದೇನೆ, ನೋಡಿ ಎಂದು ಮನುಷ್ಯ ಬಹಳ ಹಿಂದಿನಿಂದ ಹೇಳುತ್ತಲೇ ಬಂದಿದ್ದಾನೆ ಎಂದು ಅಲ್ಲಿ ನಿಂತಾಗ ಅನ್ನಿಸುತ್ತದೆ. ಮಗು ಚಿತ್ರ ಬರೆದು ಅಮ್ಮನ ಬಳಿ ಓಡಿ ಬರುವುದು ಪಾಪವಲ್ಲ. ಆ ಹಸಿವನ್ನು ಇಟ್ಟವರು ದೇವರೇ.

ಆದುದರಿಂದ ದಿನಕ್ಕೆ ಹತ್ತು ಫೋಟೊ ಹಾಕುವವರನ್ನು ಕಂಡು ನಗಬೇಡಿ. ಕುರುಗೋಡಿನ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮೊಮ್ಮಗಳಿಂದ ಕಲಿತು ದಿನವೂ ಸ್ಟೇಟಸ್ ಹಾಕುತ್ತಾರೆ, ಒಂದು ದಿನ ತುಳಸಿ ಗಿಡ, ಒಂದು ದಿನ ಮಾತೆ ಮರಿಯಮ್ಮನವರ ಪಟ, ಒಂದು ದಿನ ಒಣಹಾಕಿದ ಮೆಣಸಿನಕಾಯಿ. ಅವರಿಗೆ ಐವತ್ತು ಜನರ ಕಣ್ಣು ಬೇಕಿಲ್ಲ. ಬೆಂಗಳೂರಿನಲ್ಲಿರುವ ಮಗ ನೋಡಿದನೇ ಎಂಬುದೊಂದೇ ಅವರಿಗೆ ಬೇಕು. ಫೋನ್ ಮಾಡಲು ಪುರುಸೊತ್ತಿಲ್ಲದ ಮಗ ಬೆರಳು ಸರಿಸಿಯಾದರೂ ನೋಡುತ್ತಾನಲ್ಲ! ಗ್ರೂಪಿನಲ್ಲಿ ಜೋರಾಗಿ ಜಗಳವಾಡುವವನ ಮನೆಗೆ ಹೋಗಿ ನೋಡಿ, ಆ ಮನೆಯಲ್ಲಿ ಅವನ ಮಾತನ್ನು ಕೇಳುವವರು ಯಾರೂ ಇಲ್ಲದಿರಬಹುದು. ಪತಿ ಪತ್ನಿಯರೇ, ಊಟದ ಹೊತ್ತಿನಲ್ಲಿ ಎದುರಿಗಿರುವವರ ಮುಖ ನೋಡಿದರೆ, ಹೊರಗೆ ಕಣ್ಣುಗಳನ್ನು ಎಣಿಸುವ ಕೆಲಸ ಅರ್ಧ ಕಡಿಮೆಯಾದೀತು.

ಇಂದು ನಾವು ಕೊಂಡಾಡುವ ಸಂತ ಅಂತೋಣಿಯವರನ್ನು ನೋಡಿ. 1195ರಲ್ಲಿ ಲಿಸ್ಬನ್ ನಗರದಲ್ಲಿ ಹುಟ್ಟಿದವರು, ಶಾಸ್ತ್ರಗಳನ್ನು ಆಳವಾಗಿ ಓದಿದ ಪಂಡಿತರು. ಮೊರಾಕ್ಕೊದಲ್ಲಿ ರಕ್ತಸಾಕ್ಷಿಯಾಗಬೇಕೆಂದು ಫ್ರಾನ್ಸಿಸ್ಕನ್ ಸಭೆ ಸೇರಿದರು. ಕಾಯಿಲೆ ಹಿಂದಿರುಗಿಸಿತು, ಬಿರುಗಾಳಿ ಹಡಗನ್ನು ಸಿಸಿಲಿಗೆ ತಳ್ಳಿತು. 1221ರಲ್ಲಿ ಅಸ್ಸಿಸಿಯಲ್ಲಿ ಸಾವಿರಾರು ಸಹೋದರರ ಮಹಾಸಭೆ. ಸಭೆ ಮುಗಿದು ಎಲ್ಲರನ್ನೂ ಒಂದೊಂದು ಊರಿಗೆ ಕರೆದುಕೊಂಡು ಹೋದರು, ಅಂತೋಣಿಯವರನ್ನು ಯಾರೂ ಕೇಳಲಿಲ್ಲ. ನಾನು ಇಷ್ಟು ಓದಿದವನು ಎಂದು ಅವರು ಹೇಳಿಕೊಳ್ಳಲೂ ಇಲ್ಲ. ಕೊನೆಗೆ ಒಬ್ಬ ಹಿರಿಯರು ಮೊಂಟೆಪಾವೊಲೊ ಎಂಬ ಬೆಟ್ಟದ ಆಶ್ರಮಕ್ಕೆ ಕರೆದೊಯ್ದರು. ಅಲ್ಲಿ ಪೂಜೆ, ಪ್ರಾರ್ಥನೆ, ಜೊತೆಗೆ ಅಡುಗೆಮನೆಯ ಪಾತ್ರೆ ತೊಳೆಯುವ ಕೆಲಸ ಎಂದು ಸಂಪ್ರದಾಯ ಹೇಳುತ್ತದೆ. ಅವರನ್ನು ನೋಡಿದವರು ಎಷ್ಟು ಮಂದಿ? ಕೈಬೆರಳೆಣಿಕೆಯಷ್ಟು.

1222ರಲ್ಲಿ ಫೋರ್ಲಿ ನಗರದಲ್ಲಿ ಗುರುದೀಕ್ಷೆಯ ಸಮಾರಂಭ. ಪ್ರಬೋಧನೆಗೆ ಯಾರೂ ಸಿದ್ಧರಿಲ್ಲ. ನೀನೇ ಏನಾದರೂ ಹೇಳು ಎಂದು ಹಿರಿಯರು ಆಜ್ಞೆ ಮಾಡಿದರು. ಆ ದಿನ ತೆರೆದ ಬಾಯಿ 1231ರ ಜೂನ್ 13ರವರೆಗೆ ಮುಚ್ಚಲಿಲ್ಲ. ಒಂದು ವರ್ಷ ತುಂಬುವ ಮೊದಲೇ ಅವರನ್ನು ಸಂತರೆಂದು ಘೋಷಿಸಲಾಯಿತು. 1263ರಲ್ಲಿ ಅವರ ಸಮಾಧಿಯನ್ನು ತೆರೆದಾಗ ನಾಲಿಗೆ ಕೆಡದೆ ಉಳಿದಿತ್ತು, ಅದು ಇಂದಿಗೂ ಪದುವಾದ ಮಹಾದೇವಾಲಯದಲ್ಲಿದೆ. ಪದುವಾಕ್ಕೆ ಹೋದವರು ಆ ನಾಲಿಗೆಯನ್ನು ನೋಡಿ ಬರುತ್ತಾರೆ. ನನಗಾದರೋ ಆ ಪಾತ್ರೆ ತೊಳೆದ ಕೈಗಳ ಮೇಲೇ ಹೆಚ್ಚು ಪ್ರೀತಿ. ಯಾರೂ ಕರೆಯದಿದ್ದಾಗ ಕಹಿಯಾಗದ ಮನುಷ್ಯನಿಗೆ ಮಾತ್ರ, ಎಲ್ಲರೂ ಕರೆದಾಗ ತಲೆ ತಿರುಗದೆ ಇರಲು ಸಾಧ್ಯ.

ಇದು ಹಳೆಯ ಕಾಲದ ಮಾತು ಎನ್ನುವ ಮಕ್ಕಳಿಗಾಗಿ ಇನ್ನೊಬ್ಬರ ಹೆಸರು ಹೇಳುತ್ತೇನೆ: ಕಾರ್ಲೊ ಅಕುಟಿಸ್. 2006ರಲ್ಲಿ ಹದಿನೈದನೆಯ ವಯಸ್ಸಿಗೆ ತೀರಿಕೊಂಡ ಈ ಹುಡುಗನನ್ನು 2025ರ ಸೆಪ್ಟೆಂಬರ್ 7ರಂದು ಧರ್ಮಸಭೆ ಸಂತನೆಂದು ಸಾರಿತು. ಕಂಪ್ಯೂಟರ್ ಬಲ್ಲವನು. ಅದರಲ್ಲಿ ಅವನು ತೋರಿಸಿದ್ದು ಪರಮಪ್ರಸಾದದ ಅದ್ಭುತಗಳನ್ನು, ತನ್ನ ಮುಖವನ್ನಲ್ಲ.

ಸಿರುಗುಪ್ಪ, ಕುರುಗೋಡುಗಳಿಂದ ಬಸ್ಸು ಹಿಡಿದು ಬಂದ ರೈತ ಕುಟುಂಬಗಳು ಇಲ್ಲಿದ್ದೀರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದದ್ದನ್ನು ನೀವು ಮರೆತಿರಲಾರಿರಿ. ತುಂಬಿದ ಜಲಾಶಯ, ನಾಟಿ ಮಾಡಿದ ಭತ್ತ, ಹೊಳೆಯ ದಂಡೆಯ ಊರುಗಳು. ಆ ವಾರವೆಲ್ಲ ನಮ್ಮ ಫೋನುಗಳು ಒಂದು ಗಳಿಗೆ ಸುಮ್ಮನಿರಲಿಲ್ಲ. ಬಲ್ಲವನೂ ತಜ್ಞ, ಅರಿಯದವನೂ ತಜ್ಞ. ಅದೇ ಹೊತ್ತಿನಲ್ಲಿ ಕನ್ನಯ್ಯ ನಾಯ್ಡು ಎಂಬ ವಯೋವೃದ್ಧ ತಜ್ಞರ ಮಾರ್ಗದರ್ಶನದಲ್ಲಿ ಕಾರ್ಮಿಕರು ಭೋರ್ಗರೆಯುವ ನೀರಿನ ಮೇಲೆ ನೇತಾಡುವ ಉಕ್ಕಿನ ತುಂಡುಗಳನ್ನು ಒಂದೊಂದಾಗಿ ಇಳಿಸಿದರು, ಒಂದು ವಾರದಲ್ಲಿ ನೀರು ನಿಂತಿತು. ನಾಯ್ಡು ಅವರ ಹೆಸರು ಪತ್ರಿಕೆಗಳಲ್ಲಿ ಬಂತು, ಬರಲೇಬೇಕಿತ್ತು. ಬೆಸುಗೆ ಹಾಕಿದವರ, ಹಗ್ಗ ಹಿಡಿದವರ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತು? ಆ ವರ್ಷದ ಅನ್ನ ಮಾತ್ರ ನಮ್ಮ ತಟ್ಟೆಗೆ ಬಂತು.

ಕೊನೆಯದಾಗಿ ಒಂದು ವಿಷಯ. ಪೂಜೆಯ ನಂತರ ವಾಡಿಕೆಯಂತೆ ಸಂತ ಅಂತೋಣಿಯವರ ರೊಟ್ಟಿಯನ್ನು ಆಶೀರ್ವದಿಸಿ ಬಡವರಿಗೆ ಹಂಚಲಾಗುತ್ತದೆ. 2020ರಲ್ಲಿ ದಿನಸಿ ಕಿಟ್ಟುಗಳನ್ನು ಕೊಡುವಾಗ ಎಲ್ಲೆಡೆ ಕಂಡದ್ದು ನಿಮಗೆ ನೆನಪಿದೆ: ಒಂದು ಚೀಲಕ್ಕೆ ಹತ್ತು ಕೈ, ಹತ್ತೂ ಮುಖ ಕ್ಯಾಮೆರಾ ಕಡೆಗೆ, ತೆಗೆದುಕೊಳ್ಳುವ ತಾಯಿಯ ಮುಖ ಮಾತ್ರ ನೆಲದ ಕಡೆಗೆ. ಅಕ್ಕಿ ಬೇಡ, ಫೋಟೊ ಬೇಡ ಎಂದು ಹಿಂದಿರುಗಿದವರೂ ಇದ್ದರು. ಇಂದು ರೊಟ್ಟಿ ಹಂಚುವಾಗ ಯಾರೂ ಫೋಟೊ ತೆಗೆಯಬಾರದು, ಧರ್ಮಕೇಂದ್ರದ ಗ್ರೂಪಿನವರೂ ತೆಗೆಯಬಾರದು. ಕೊಡುವವರು ಫೋನುಗಳನ್ನು ಮನೆಯವರ ಕೈಯಲ್ಲಿ ಬಿಟ್ಟು ಬನ್ನಿ. ಬುಟ್ಟಿಗಳು ಪಕ್ಕದ ಬಾಗಿಲ ಬಳಿ ಇವೆ. ತೆಗೆದುಕೊಳ್ಳಲು ಬಂದವರ ಹೆಸರನ್ನು ಕೇಳಿ, ಅವರ ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿ, ಅಷ್ಟು ರೊಟ್ಟಿ ಕೊಡಿ.